ಬೋಣಿ ದುಡ್ಡಿನ ತಲೆಬಾಗಿಲು

ನಮ್ಮಣ್ಣನಿಗೆ ಬೋಣಿಯ ಹುಚ್ಚು. ಜಯನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ನಮ್ಮದು ಬಾಗಿಲು, ಕಿಟಕಿ ಮಾಡಿ ಮಾರುವ ಅಂಗಡಿ. ಬೆಳಗ್ಗೆ ಮೊದಲು ಬಂದ ದುಡ್ಡನ್ನು ಅಣ್ಣ ಕಣ್ಣಿಗೊತ್ತಿಕೊಂಡು, ಅದು ಬರೀ ಮುಂಗಡವಾಗಿದ್ದರೂ ‘ಮಾರಾಟ’ ಎಂದೇ ಬರೆಸುತ್ತಿದ್ದ. ಬೋಣಿಯನ್ನು ಕೊಡಬೇಕಾದ ಬಾಕಿ ಅಂತ ಬರೆದರೆ ದಿನವೆಲ್ಲ ವ್ಯಾಪಾರ ಕೆಡುತ್ತದಂತೆ! ಲೆಕ್ಕ ಬರೆಯುವವನು ನಾನು. ಮಾಲು ಕೈಸೇರುವ ತನಕ ಅದು ಗಿರಾಕಿಯ ದುಡ್ಡೇ ಎಂದು ಬಾಯಿ ಬಡಿದುಕೊಂಡಿದ್ದೆ. ಕೇಳಿದರೆ ತಾನೆ?

ಯಡಿಯೂರಿನ ರೈತರೊಬ್ಬರು ಬೋಣಿ ಹೊತ್ತಿಗೇ ಬಂದು ತೇಗದ ತಲೆಬಾಗಿಲಿಗೆ ಮುಂಗಡ ಕೊಟ್ಟು ಹೋದರು. ಹೊಲ ಲೇಔಟಿಗೆ ಹೋಗಿ, ಪರಿಹಾರದಲ್ಲಿ ಮನೆ ಕಟ್ಟಿಸುತ್ತಿದ್ದರು. ಪುಸ್ತಕದಲ್ಲಿ ಅವರಿಗೆ ಕೊಡಬೇಕಾದ್ದು ಏನೂ ಇರಲಿಲ್ಲವಲ್ಲ, ನಾನು ಊರಲ್ಲಿಲ್ಲದಾಗ ಅಣ್ಣ ಅದೇ ಬಾಗಿಲನ್ನು ಪೂರ್ತಿ ದುಡ್ಡು ತಂದ ಇನ್ನೊಬ್ಬರಿಗೆ ಮಾರಿಬಿಟ್ಟ.

ರೈತರು ಮಗನ ಜೊತೆ ಗಾಡಿ ಕಟ್ಟಿಕೊಂಡು ಬಂದರು. ಮರುದಿನ ಬೆಳಗ್ಗೆಯೇ ಬಾಗಿಲು ನಿಲ್ಲಿಸುವ ಮುಹೂರ್ತ.

“ಬಾಗ್ಲೆಲ್ಲಿ ಸ್ವಾಮಿ?”

“ಮಾರಿದ್ದಾಯ್ತು. ಒಂದ್ ತಿಂಗ್ಳು ತಡೀರಿ, ಇನ್ನೊಂದು ಮಾಡಿಸ್ಕೊಡ್ತೀನಿ,” ಎಂದ ಅಣ್ಣ.

“ಹಂಗಾದ್ರೆ ನನ್ ದುಡ್ಡು ಕೊಡಿ.”

“ಬೋಣಿ ದುಡ್ಡು ವಾಪಸ್ ಕೊಡಲ್ಲ ರೀ. ಪುಸ್ತಕ ನೋಡಿ, ಮಾರಾಟ ಅಂತಿದೆ!”

“ನಂಗೆ ಮಾರಿದ್ರೆ ನನ್ ಬಾಗ್ಲು ಎಲ್ಲಯ್ಯಾ?”

ಅಣ್ಣ ಅವರ ಎದೆಗೆ ಕೈಹಾಕಿ ನೂಕಿದ. ಅಷ್ಟೇ. ಅವರು ಅಲ್ಲೇ ಮರ ಕೆತ್ತುತ್ತಿದ್ದ ಬಡಗಿಯ ಕೈಯಿಂದ ಬಾಚಿಯನ್ನು ಕಿತ್ತುಕೊಂಡು, ಗೋಡೆಗೆ ಒರಗಿಸಿದ್ದ ಕಿಟಕಿಗಳನ್ನೆಲ್ಲ ಕಡಿದು ಹಾಕಿದರು. ಅಣ್ಣ ಮರದ ಪಟ್ಟಿಯಿಂದ ಅವರ ಬೆನ್ನಿಗೆ ಬಾರಿಸಿದ. ಮಗ ಅಣ್ಣನ ಮೂಗಿಗೆ ಗುದ್ದಿ, ಕೈ ತಿರುಚಿದ. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ರಕ್ತ ಸುರಿದು ಮರದ ಹೊಟ್ಟಿನಲ್ಲಿ ಇಂಗಿತು. ಬಿಡಿಸಲು ಹೋಗಿ ನಾನು ಎರಡೂ ಕಡೆಯಿಂದ ಏಟು ತಿಂದೆ. ಸಿಟ್ಟು ನನಗೂ ನೆತ್ತಿಗೇರಿತ್ತು, ಆದರೆ ಅವರ ಮೇಲಲ್ಲ.

“ಅಂಗಡಿ ಬಾಗ್ಲು ಕಿತ್ಕೊಂಡ್ ಹೋಗಿ ಸ್ವಾಮಿ! ಅದೂ ತೇಗದ್ದೇ!” ಎಂದು ಅರಚಿದೆ.

ಕಿತ್ತೇಬಿಟ್ಟರು. ನಮ್ಮಪ್ಪ ನಿಲ್ಲಿಸಿದ್ದ ಬಾಗಿಲು ಅದು. ಚೌಕಟ್ಟು ಸಮೇತ ಗಾಡಿಗೇರಿಸಿ, ಉಳಿದ ದುಡ್ಡನ್ನು ನನ್ನ ಕೈಗೆ ಎಣಿಸಿಕೊಟ್ಟು ಹೋದರು. ಅಣ್ಣ ನೆಲದ ಮೇಲೆ ಕೂತು ನನ್ನ ವಂಶವನ್ನೆಲ್ಲ ಬೈದ. ಅದು ಅವನದೂ ಹೌದು ಎಂಬುದು ಅವನಿಗೆ ನೆನಪಿರಲಿಲ್ಲ.

ಮರುದಿನ ಬೋಣಿ ಹೊತ್ತಿಗೆ, ಬಾಗಿಲಿದ್ದ ಜಾಗದಲ್ಲಿ ಕಟ್ಟಿದ್ದ ಗೋಣಿತಾಟು ಸರಿಸಿಕೊಂಡು ಸಿದ್ದಾಪುರದ ಗಿರಾಕಿಯೊಬ್ಬರು ಬಂದು, ಕಿಟಕಿಗೆ ಮುಂಗಡ ಕೊಟ್ಟರು. ಮುರಿದ ಕೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಕೂತಿದ್ದ ಅಣ್ಣ ಅದನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. ಎಡಗೈಯಿಂದ ನನ್ನ ಕಡೆಗೆ ತಳ್ಳಿದ.

“ಅವ್ರ ದುಡ್ಡು ಅಂತ್ಲೇ ಬರ್ಕೊಳೋ,” ಎಂದ.