ಮೊದಲ ಭಾಗ ಮುಚ್ಚಿಟ್ಟವನು

ಈರಣ್ಣಾರ, ನೀವು ಪಾಳಿ ಮುರಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಗಾಡಿಗಳ ನಡುವೆ ನಿಂತು, ಮುರಿದಿರೆಂದು ಕೂಗಿದವನು ನಾನು — ತುಕ್ಕಾನಟ್ಟಿಯ ಟ್ರ್ಯಾಕ್ಟರ್ ಡ್ರೈವರ್ ಲಕ್ಕಪ್ಪ. ನಿಮ್ಮ ಬಲಗೈ ಹೋದದ್ದು ಆ ಕೂಗಿನಿಂದ. ಯಾತಕ್ಕಾಗಿ ಕೂಗಿದೆ? ಒಂದು ಪುಸ್ತಕಕ್ಕಾಗಿ! ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು.

ಗೋಕಾಕದ ಬಸ್ ನಿಲ್ದಾಣದ ಹತ್ತಿರ ಕೈಗಾಡಿಯಲ್ಲಿ ಹಳೆಯ ಕಾದಂಬರಿ ಮಾರುತ್ತಿದ್ದರು. ನಾಲ್ಕೈದು ಭಾಗಗಳ ದೊಡ್ಡ ಕಾದಂಬರಿಗಳ ಒಂಟಿ ಭಾಗಗಳು — ಎರಡನೆಯದೋ ಮೂರನೆಯದೋ — ಅಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ನಾನು ಅವನ್ನೇ ತರುತ್ತಿದ್ದೆ, ಅದೇ ಪೂರ್ತಿ ಕಾದಂಬರಿ ಎಂಬಂತೆ ಓದುತ್ತಿದ್ದೆ. ಅದಕ್ಕೂ ಹಿಂದೆ ಏನಾಗಿತ್ತು? ನನ್ನ ತಲೆಗೆ ತೋಚಿದ್ದೇ ಆಗಿತ್ತು. ನನ್ನಷ್ಟಕ್ಕೆ ಓದಿಕೊಂಡಿದ್ದರೆ ಯಾರಿಗೂ ಕೇಡಿರಲಿಲ್ಲ.

ಆದರೆ ಹಂಗಾಮಿನಲ್ಲಿ ಗಾಡಿ ಖಾಲಿ ಮಾಡಲು ಪಾಳಿ ಹಚ್ಚಿ, ಸಾಲಿನಲ್ಲಿ ಕಾಯುತ್ತ ಕೂಡಬೇಕಲ್ಲ — ಒಮ್ಮೊಮ್ಮೆ ಎರಡು ಹಗಲು. ಮೊಬೈಲಿನ ಚಾರ್ಜು ತೀರಿದ ಮೇಲೆ ಡ್ರೈವರುಗಳೆಲ್ಲ ನನ್ನ ಟ್ರೇಲರಿನ ನೆರಳಿಗೆ ಬರುತ್ತಿದ್ದರು. ನಾನು ಗಟ್ಟಿಯಾಗಿ ಓದುತ್ತಿದ್ದೆ. ಎಷ್ಟನೆಯ ಭಾಗವೆಂದು ಕಾಣದಂತೆ ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕುತ್ತಿದ್ದೆ; ಇಲ್ಲದ ಹಿಂದಿನ ಕಥೆಯನ್ನು ಬಾಯಿಂದಲೇ ಕಟ್ಟಿ ಹೇಳುತ್ತಿದ್ದೆ. ಚಹಾ ಬಂದರೆ ಮೊದಲ ಕಪ್ಪು ನನಗೆ. ಆ ಮರ್ಯಾದೆಯ ಸೊಕ್ಕು ನನ್ನ ತಲೆಗೇರಿತ್ತು.

ಆ ದಿನದ ಪುಸ್ತಕ ಶುರುವಾಗುವುದೇ ಕೊಲೆಯಿಂದ. ಹಂದರದ ಕೆಳಗೆ ಕುಳಿತ ಮದುಮಗನನ್ನು ಒಬ್ಬ ಕೊಡಲಿಯಿಂದ ಕೊಚ್ಚಿ ಹಾಕುತ್ತಾನೆ. ಮದುಮಗ ದೇವರಂಥವನು, ಕೊಂದವನು ರೊಕ್ಕ ತಿಂದ ಕಟುಕ — ಹೀಗೆಂದು ನಾನೇ ಕಟ್ಟಿದ್ದೆ. ಕೇಳುವವರ ರಕ್ತ ಕುದಿಯುತ್ತಿತ್ತು. "ಅವನ್ನ ಕಡೀಬೇಕಲೇ, ತುಂಡ ತುಂಡ ಮಾಡಬೇಕು!" ಎಂದು ಹಲ್ಲು ಕಡಿಯುತ್ತಿದ್ದರು. ನನಗೆ ಖುಷಿಯೋ ಖುಷಿ.

ಆಗ ನೀವು ಬಂದಿರಿ. ಹುಕ್ಕೇರಿ ಕಡೆಯ ಡ್ರೈವರು, ನನಗಿಂತ ಹಿರಿಯರು. ಹೆಸರಷ್ಟೇ ಗೊತ್ತಿತ್ತು. ನಿಂತು ಕೇಳಿ, ನಕ್ಕು, ಮೆತ್ತಗೆ ಹೇಳಿದಿರಿ: "ತಮ್ಮಾ, ಇದು ಎರಡನೇ ಭಾಗ ಅಲ್ಲೇನು? ಮೊದಲನೇದು ನಾ ಓದೇನಿ. ಆ ಮದಲಿಂಗ ಈ ಕೊಡಲಿಯವನ ತಂಗೀನ ಮನ್ಯಾಗ ಕೂಡಿ ಹಾಕಿ ಬೆಂಕಿ ಹಚ್ಚಿದ್ದ. ರೊಕ್ಕದ ಮಾತ ಅದರಾಗ ಎಲ್ಲೂ ಇಲ್ಲ."

ಒಬ್ಬ ನನ್ನ ಕೈಯಿಂದ ಪುಸ್ತಕ ಕಸಿದು ಹೊದಿಕೆ ಹರಿದ. "ಏನಲೇ ಲಕ್ಯಾ, ಇಷ್ಟ ದಿನಾ ನಮ್ಮ ಕಿವಿ ಮ್ಯಾಲ ಹೂವಾ ಇಡಾಕತ್ತಿದ್ದೇನು?" ಎಲ್ಲರೂ ನಕ್ಕರು. ಆ ನಗೆ — ಮೈಗೆ ಬೆಂಕಿ ಬಿದ್ದಂತಾಯಿತು ನನಗೆ.

ಈರಣ್ಣಾರ, ಇನ್ನು ನಿಮಗೆ ಗೊತ್ತಿಲ್ಲದ್ದು. ಅಂದು ಬೆಳಿಗ್ಗೆ ಪಾಳಿಯಲ್ಲಿ ಮುಂದಿದ್ದ ಸತ್ಯಪ್ಪನ ಟಾಯರು ಒಡೆದಿತ್ತು. ಅವನು ಹಿಂದಿದ್ದ ನಿಮ್ಮ ಹತ್ತಿರ ಬಂದು, "ಕಾಕಾ, ಟಾಯರ್ ತರಾಕ ಗೋಕಾಕಕ್ಕ ಹೊಂಟೇನಿ. ನನ್ನ ಪಾಳಿ ನೀವು ತಗೋರಿ, ನಿಮ್ಮದು ನನಗಿರಲಿ" ಎಂದು ಕೈಮೇಲೆ ಕೈ ಹಾಕಿದ. ಪಾಳಿ ಹಾಗೆ ಬದಲಿಸಿಕೊಳ್ಳುವುದು ನಮ್ಮಲ್ಲಿ ನಡೆಯುತ್ತದೆ. ಆಗ ನಾನು ನನ್ನ ಕಬ್ಬಿನ ಹೇರಿನ ಮೇಲೆ ಹಗ್ಗ ಬಿಗಿಯುತ್ತಿದ್ದೆ. ನೀವಿಬ್ಬರೂ ತಲೆಯೆತ್ತಲಿಲ್ಲ — ನಾನು ಎಲ್ಲವನ್ನೂ ನೋಡಿದೆ, ಕೇಳಿದೆ.

ಪಾಳಿಯಲ್ಲಿ ಕಬ್ಬು ಒಣಗಿ ತೂಕ ಇಳಿಯುತ್ತಿರುತ್ತದೆ. ಪಾಳಿ ಮುರಿದವನನ್ನು ಮೊದಲು ಹೊಡೆಯುತ್ತಾರೆ, ಆಮೇಲೆ ಕೇಳುತ್ತಾರೆ. ಅದೂ ನನಗೆ ಗೊತ್ತಿತ್ತು. "ಪುಸ್ತಕದ ಮಾತ ಬಿಡ್ರಿ! ಇವ ಪಾಳಿ ಮುರದಾನ. ಮುಂಜಾನಿ ಎಲ್ಲಿದ್ದ, ಈಗ ಇವನ ಗಾಡಿ ಎಲ್ಲೈತಿ ನೋಡ್ರಿ!" ಎಂದು ಒದರಿದೆ.

ಮುಗಿಯಿತು. ಕೊಡಲಿಯವನನ್ನು ಕಡಿಯಲು ಕಾದಿದ್ದ ಸಿಟ್ಟೆಲ್ಲ ನಿಮ್ಮ ಮೇಲೆ ಬಿತ್ತು. ಅಂಗಿ ಹಿಡಿದು ಕೆಡವಿದರು, ಹೊಟ್ಟೆಗೆ ಒದ್ದರು, ಕೂದಲು ಹಿಡಿದು ಟ್ರೇಲರಿನ ಕಬ್ಬಿಣಕ್ಕೆ ಹಣೆ ಜಜ್ಜಿದರು. ನೀವು "ಸತ್ಯಪ್ಪಗ ಕೇಳ್ರೋ, ಅವನ—" ಎಂದಿರಿ. ಆ ಮಾತು ಮುಗಿದರೆ ನಾನು ಎರಡನೆಯ ಸಲ ಸುಳ್ಳನಾಗುತ್ತಿದ್ದೆ. ಕಬ್ಬಿನ ಗಳ ಸೆಳೆದು ನಿಮ್ಮ ಬಾಯಿಗೇ ಹೊಡೆದೆ. ಬೇಕೆಂದೇ ಬಾಯಿಗೆ. ತುಟಿ ಸೀಳಿತು, ರಕ್ತದ ಜೊತೆ ಹಲ್ಲು ಬಿತ್ತು. ಅಷ್ಟರಲ್ಲಿ ಯಾರೋ ಜಾಕಿನ ರಾಡು ಎತ್ತಿದ. ತಲೆಗೆ ಬೀಳಬೇಕಾದ ಏಟಿಗೆ ನೀವು ಬಲಗೈ ಅಡ್ಡ ಹಿಡಿದಿರಿ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಇನ್ನೂ ಕೇಳಿಸುತ್ತದೆ.

ನಿಮ್ಮನ್ನು ಜೀಪಿನಲ್ಲಿ ಹಾಕಿಕೊಂಡು ಹೋದ ಮೇಲೆ, ನಿಮಗೆ ಹೊಡೆದವರೇ ಮತ್ತೆ ನೆರಳಿಗೆ ಬಂದು ಕುಳಿತರು. "ಓದೋ ಲಕ್ಕಪ್ಪಾ, ಮುಂದ ಏನಾತು?" ಎಂದರು. ನಾನು ಓದಿದೆ! ಥೂ, ನನ್ನ ಬಾಳಿಗಿಷ್ಟು. ಸಂಜೆ ಸತ್ಯಪ್ಪ ಬಂದಾಗ ಗೇಟಿನಲ್ಲೇ ತಡೆದು ಹೆದರಿಸಿದೆ: "ನೀ ಬಾಯಿ ತಗದರ ನಿನ್ನೂ ಕಡೀತಾರ ನೋಡು." ಪಾಪ, ಅವನು ಸುಮ್ಮನಾದ. ಕೈ ಹೋದ ನಿಮಗೆ ಪಾಳಿ ಕಳ್ಳ ಎಂಬ ಹೆಸರೂ ಅಂಟಿತು. ಅಂಗಳದಲ್ಲಿ ಅದನ್ನು ಇಂದಿಗೂ ಹೇಳುತ್ತಾರೆ.

ಆ ಕಾದಂಬರಿಯ ಮೊದಲ ಭಾಗ ಮುಂದೊಂದು ವರ್ಷ ಸಿಕ್ಕಿತು. ನೀವು ಹೇಳಿದ ಹಾಗೆಯೇ ಇತ್ತು. ಓದಿದೆ, ಮುಚ್ಚಿಟ್ಟೆ, ನಿಮ್ಮನ್ನು ಹುಡುಕಿಕೊಂಡು ಬರುವ ಧೈರ್ಯ ಮಾತ್ರ ಬರಲಿಲ್ಲ.

ಹೋದ ತಿಂಗಳು ಹುಕ್ಕೇರಿಯ ಚಹಾದ ಅಂಗಡಿಯಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಎಡಗೈಯಿಂದ ಬೆಂಚು ಸರಿಸಿ, "ಕುಂಡ್ರು ತಮ್ಮಾ" ಎಂದಿರಿ. ನನಗೂ ಚಹಾ ಹೇಳಿದಿರಿ. "ಆವತ್ತ ನಿಂಗೇನ ಗೊತ್ತಿತ್ತು? ಗಾಡಿ ಮುಂದ ನಿಂತದ್ದಷ್ಟ ನೋಡಿ ಒದರಿದಿ. ನಿನ್ನ ಮ್ಯಾಲ ನಂದೇನೂ ಸಿಟ್ಟಿಲ್ಲ. ಮಾಫ್ ಮಾಡೇನಿ." ನಾನು ಆ ಚಹಾ ಕುಡಿದೆ, ತಲೆಯಾಡಿಸಿದೆ, ಎದ್ದು ಬಂದೆ — ಆಗಲೂ ಬಾಯಿ ಬಿಡಲಿಲ್ಲ.

ಈ ಹಂಗಾಮಿನ ಮೊದಲ ದಿನ ಅದೇ ಅಂಗಳದಲ್ಲಿ, ಎಲ್ಲ ಗಾಡಿಯವರ ಮುಂದೆ ನಿಂತು ಇದನ್ನು ಹೇಳುತ್ತೇನೆ. ಅವರು ಮಾಡುವುದನ್ನು ಮಾಡಲಿ. ಅದಕ್ಕೂ ಮೊದಲು ನಿಮ್ಮ ಮನೆಗೆ ಬರುತ್ತೇನೆ. ನೀವು ಮಾಫ್ ಮಾಡಿದ್ದು ಗೊತ್ತಿಲ್ಲದೆ ಕೂಗಿದ ಲಕ್ಕಪ್ಪನನ್ನು. ಅಂಥ ಲಕ್ಕಪ್ಪ ಎಂದೂ ಇರಲಿಲ್ಲ. ಆ ಮಾಫಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ, ಈರಣ್ಣಾರ.