ಗಂಡುಗರುವಿನ ಪಾಲು

ನಾನು ಗಣಿ ಕಂಪನಿಯೊಂದರ ಬಸ್ ಡ್ರೈವರ್. ಬೆಳಗಿನ ಐದು ಗಂಟೆಗೆ ಯಶವಂತನಗರದಲ್ಲಿ ಮೊದಲ ಪಾಳಿಯವರನ್ನು ಹತ್ತಿಸಿಕೊಂಡು ಗುಡ್ಡ ಏರುವುದು, ಮಧ್ಯಾಹ್ನ ಮೂರಕ್ಕೆ ಅವರನ್ನೇ ಮತ್ತೆ ಕೆಳಗಿಳಿಸುವುದು ನನ್ನ ಕೆಲಸ. ಈಗಿನ ಮನೆಯೂ ಯಶವಂತನಗರದಲ್ಲೇ; ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ, ಎಮ್ಮೆ ಕಟ್ಟಿದ ಮನೆಯಲ್ಲಿ. ನಮ್ಮಲ್ಲಿ ಮಾಂಸ, ಮೊಟ್ಟೆ ಇಲ್ಲ. ಅದಕ್ಕೆ ಬದಲು ಎಂಬಂತೆ ಹಾಲು, ಮೊಸರು, ಬೆಣ್ಣೆ, ತುಪ್ಪಕ್ಕೆ ಲೆಕ್ಕವಿರಲಿಲ್ಲ. ದಿನಕ್ಕೆ ಆರು ಸಲ ಗಟ್ಟಿ ಹಾಲಿನ ಚಹಾ ಕುಡಿಯುತ್ತಿದ್ದವನು ನಾನು. ಈಗ ನಮ್ಮ ಮನೆಯಲ್ಲಿ ಹಾಲು ಕಾಯಿಸುವ ಪಾತ್ರೆಯಲ್ಲಿ ಅಕ್ಕಿ ನೆನೆಹಾಕುತ್ತೇವೆ. ಕೇಳಿದವರು, ಡಾಕ್ಟರು ಹೇಳಿದರಾ, ಯಾವುದಾದರೂ ಸ್ವಾಮಿಗಳು ಹೇಳಿದರಾ ಎನ್ನುತ್ತಾರೆ. ಯಾರೂ ಹೇಳಲಿಲ್ಲ. ಆದದ್ದು ಹೀಗೆ.

ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ಗಣಿಗೆ ಇನ್ನೂ ಎರಡು ಮೈಲಿ ಇರುವಾಗ ಘಾಟಿನಲ್ಲೊಂದು ತಿರುವಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕುರುಚಲು ಕಾಡಿನ ಇಳಿಜಾರು. ಬೆಳಕು ಹರಿದಿರಲಿಲ್ಲ. ಹೆಡ್‌ಲೈಟಿನಲ್ಲಿ ಏನೋ ಕಂಡು ಬ್ರೇಕ್ ಹಾಕಿದೆ. ಕರು. ಹೊಕ್ಕುಳ ಬಳ್ಳಿ ಇನ್ನೂ ಒಣಗಿ ಉದುರಿರಲಿಲ್ಲ. ಹಾರ್ನ್ ಹೊಡೆದರೆ ಓಡಿಹೋಗಬೇಕಲ್ಲ, ಅದು ಬಸ್ಸಿನ ಕಡೆಗೇ ಬಂತು. ಬಂದು ಬಂಪರಿಗೆ ಮೂತಿ ಹಚ್ಚಿ, ತಲೆಯಿಂದ ಗುದ್ದಿ ಗುದ್ದಿ ನೆಕ್ಕತೊಡಗಿತು. ಎಂಜಿನ್ನಿನ ಬಿಸಿಯನ್ನು ತಾಯಿ ಎಂದುಕೊಂಡಿತ್ತು.

ಹಿಂದಿನ ಸೀಟಿನಿಂದ ಯಾರೋ ಕೂಗಿದರು: "ಡ್ರೈವರಣ್ಣಾ, ಹಾಲು ಕೊಡು ಅದಕ್ಕ!" ಬಸ್ಸೆಲ್ಲ ನಕ್ಕಿತು. ಮುಂದಿನ ಸೀಟಿನಲ್ಲಿ ಕೂರುವ ಹಳೇ ಮೇಸ್ತ್ರಿ ಒಬ್ಬರು ಮಾತ್ರ ನಗಲಿಲ್ಲ. ಗಣಿಯಲ್ಲಿ ಮೂವತ್ತು ವರ್ಷ ಮೆಷಿನ್ ರಿಪೇರಿ ಮಾಡಿದವರು. ಇಳಿಜಾರಿನ ಕಡೆ ನೋಡುತ್ತ, "ಗಂಡು ಅದು. ಬಿಟ್ಟು ಹೋಗ್ಯಾರ. ನಡಿ ತಮ್ಮಾ, ಇಲ್ಲಿ ಭಾಳ ಹೊತ್ತು ನಿಲ್ಲಬ್ಯಾಡ," ಎಂದರು.

ನಾನು ಇಳಿದು ಕರುವನ್ನು ರಸ್ತೆಯ ಅಂಚಿಗೆ ನೂಕಿ ಬಂದೆ. ಮಧ್ಯಾಹ್ನ ವಾಪಸು ಬರುವಾಗ ಅದು ಇರಲಿಲ್ಲ. ಕೆಂಪು ಮಣ್ಣಿನಲ್ಲಿ ಏನನ್ನೋ ಇಳಿಜಾರಿಗೆ ಎಳೆದುಕೊಂಡು ಹೋದ ಗುರುತಿತ್ತು.

ಹದಿನೈದು ದಿನಕ್ಕೆ ಇನ್ನೊಂದು. ಆಮೇಲೆ ಮತ್ತೆರಡು, ಒಟ್ಟಿಗೆ. ಎಲ್ಲವೂ ಗಂಡು, ಎಲ್ಲವೂ ಜರ್ಸಿ ತಳಿ. ಮೊದಲಾದರೆ ಇಂಥವನ್ನು ಸಂತೆಗೆ ಹೊಡೆಯುತ್ತಿದ್ದರು. ಈಗ ಕೊಳ್ಳುವವರಿಲ್ಲ, ಉಳುಮೆಗೆ ಟ್ರ್ಯಾಕ್ಟರ್ ಇದೆ, ಹಾಲಿನ ಪಾಲು ಮಾತ್ರ ಕೇಳುವ ಗಂಡುಗರುವನ್ನು ಯಾರೂ ಸಾಕುವುದಿಲ್ಲ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ.

"ಚಿರ್ತಿಗೆ ಬುತ್ತಿ ಕಟ್ಟಿ ಇಟ್ಟಂಗ ಆತು ಇದು," ಎಂದರು ಮೇಸ್ತ್ರಿ ಒಂದು ದಿನ. "ಹೊತ್ತು ಹೊತ್ತಿಗೆ ಬುತ್ತಿ ಸಿಕ್ಕರ ಅದು ಬ್ಯಾಟಿ ಮರೀತದ. ದಾರಿ ಕಾಯೋದು ಕಲೀತದ."

ಆ ವಾರವೇ ಮನೆಯಲ್ಲಿ ಹೆಂಡತಿ ಚಹಾ ಕೊಟ್ಟಾಗ ಬಾಯಿಗೆ ಒಯ್ದವನು ಹಾಗೇ ಇಳಿಸಿದೆ. ಹಾಲಿನ ವಾಸನೆ ಬಂತು, ಅದರ ಹಿಂದೆಯೇ ಬಂಪರಿನ ಮೇಲೆ ಬಿಟ್ಟುಹೋದ ಆ ಜೊಲ್ಲು ನೆನಪಾಯಿತು. "ನಂಗೆ ಬರೇ ಡಿಕಾಕ್ಷನ್ ಕೊಡು. ಬೆಲ್ಲ, ಶುಂಠಿ ಹಾಕು," ಎಂದೆ.

ಅವಳು ಗಾಬರಿಯಾದಳು. "ಏನಾತ್ರಿ ನಿಮಗ? ಸಕ್ರಿ ಕಾಯಿಲೆ ಗಿಯಿಲೆ ಬಂದೈತೇನು? ಸಂಡೂರಿಗೆ ಹೋಗಿ ತೋರಿಸ್ಕೊಂಬರ್ರಿ."

ಡಿಕಾಕ್ಷನ್ ಕುಡಿದು ಎದ್ದೆ. ಕಾರಣ ಹೇಳಿದರೆ ನಗುತ್ತಾಳೆ ಎಂದುಕೊಂಡೆ. ಊಟದಲ್ಲಿ ಮೊಸರು ಬಿಟ್ಟಿರಲಿಲ್ಲ, ರೊಟ್ಟಿಗೆ ಬೆಣ್ಣೆಯೂ ಇತ್ತು. ಚಹಾ ಒಂದೇ ಬದಲಾಗಿದ್ದು.

ನಮ್ಮ ಮನೆಗೆ ಹಾಲು ಕೊಡುತ್ತಿದ್ದವಳು ಓಣಿಯ ಕೊನೆಯ ಮನೆಯ ಹೆಂಗಸು. ಗಂಡ ಸತ್ತು ಬಹಳ ವರ್ಷ. ಎರಡು ಆಕಳೇ ಅವಳ ಬದುಕು. ಓಣಿಗೆಲ್ಲ ಅವಳು ಚಿಗವ್ವ. ಬೆಳಿಗ್ಗೆ ಅರ್ಧ ಲೀಟರ್, ಸಂಜೆ ಅರ್ಧ ಲೀಟರ್, ಒಂದು ದಿನವೂ ನೀರು ಬೆರೆಸದೆ ಕೊಟ್ಟವಳು. ಯುಗಾದಿಯ ಹಿಂದಿನ ಭಾನುವಾರ ಅವಳ ದೊಡ್ಡ ಆಕಳು ಈಯಲಾರದೆ ಒದ್ದಾಡಿತು. ಅವಳು ಕೂಗಿದ್ದಕ್ಕೆ ನಾನು ಹೋಗಿ ಕರುವಿನ ಮುಂಗಾಲು ಹಿಡಿದು ಎಳೆದೆ. ಕಂದು ಮೈ, ಒಂದು ಮುಂಗಾಲಿಗೆ ಮಾತ್ರ ಬಿಳಿ ಕಾಲುಚೀಲ ಹಾಕಿದಂತಿತ್ತು. ಚಿಗವ್ವ ಬಾಲ ಎತ್ತಿ ನೋಡಿ, "ಗಂಡು" ಎಂದು ಬಾಲ ಬಿಟ್ಟಳು.

ಮರುದಿನ ಸಂಜೆ ಗಿಣ್ಣದ ಹಾಲು ಕಳಿಸಿದಳು. ಹೆಂಡತಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿದಳು. ನನ್ನ ಜೊತೆಗಿರುವ ಅವ್ವ ಎರಡು ಸಲ ಹಾಕಿಸಿಕೊಂಡು ತಿಂದಳು. ನಾನೂ ತಿಂದೆ. ಮಸ್ತ್ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಘಾಟಿನ ತಿರುವಿನಲ್ಲಿ ಒಂದು ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಕರು ನಿಂತಿತ್ತು.

ಬಸ್ ನಿಲ್ಲಿಸಿ ಇಳಿದೆ. ಬಹಳ ಹೊತ್ತು ಅದನ್ನು ನೋಡುತ್ತಲೇ ನಿಂತಿದ್ದೆನಂತೆ; ಆಮೇಲೆ ಮೇಸ್ತ್ರಿ ಹೇಳಿದರು. ಇಳಿಜಾರಿನ ಪೊದೆಗಳಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ನಾವು ಹೋಗುವುದನ್ನೇ ಏನೋ ಅಲ್ಲಿ ಕಾಯುತ್ತಿದೆ ಎಂದು ನನ್ನ ಬೆನ್ನಿಗೆ ಗೊತ್ತಾಯಿತು. ಕರುವನ್ನು ಎರಡೂ ಕೈಯಲ್ಲಿ ಎತ್ತಿ ಬಸ್ಸಿಗೆ ಹತ್ತಿಸಿದೆ. "ಪಾಳಿಗೆ ಲೇಟಾಗ್ತದಲೇ!" ಎಂದು ಕೆಲವರು ರೇಗಿದರು. ಗಣಿಯ ಕ್ಯಾಂಟೀನಿನ ಹಿಂದೆ ಕಟ್ಟಿ ದಿನವಿಡೀ ಬೆಲ್ಲದ ನೀರು, ಗಂಜಿತಿಳಿ ಕುಡಿಸಿದೆ. ಮಧ್ಯಾಹ್ನ ಅದೇ ಬಸ್ಸಿನಲ್ಲಿ ತಂದು ಚಿಗವ್ವನ ಅಂಗಳದಲ್ಲಿ ಇಳಿಸಿದೆ.

ಅವಳು ಜಗಳವಾಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟು ಕೇಳಿದಳು: "ತಂದ್ಯಾ? ಛಲೋ ಆತು. ಈಗ ಇದಕ್ಕ ಹಾಲು ಯಾರ ಪಾಲಿಂದು ಕೊಡ್ಲಿ, ನೀನ ಹೇಳು."

ನಾನು ಕರುವಿನ ಬೆನ್ನ ಮೇಲೆ ಕೈಯಿಟ್ಟೆ. ಅವಳೇ ಮುಂದುವರಿಸಿದಳು:

"ನಿಮ್ಮನಿ ಸಂಜಿ ಹಾಲು ಬಿಡ್ತೀಯೇನು? ಅದನ್ನ ಇದಕ್ಕ ಬಿಡ್ತೀನಿ. ಉಳಿದದ್ದು ಗಂಜಿ ಹಾಕಿ ಹೆಂಗರ ದಬ್ಬತೀನಿ. ಬಿಡಂಗಿಲ್ಲ ಅಂದ್ರ ನಾ ಮಾಡಿದ್ದು ತಪ್ಪಂತ ಹೇಳಬ್ಯಾಡ, ಯಪ್ಪಾ."

"ಬಿಡ್ತೀನಿ, ಚಿಗವ್ವಾ," ಎಂದೆ.

ಅಂದು ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಹೆಂಡತಿ ನಗಲಿಲ್ಲ. ಗಿಣ್ಣ ಮಾಡಿದ ಪಾತ್ರೆಯನ್ನು ತೊಳೆದಿಟ್ಟಿದ್ದಳು, ಮತ್ತೊಮ್ಮೆ ತೆಗೆದುಕೊಂಡು ತಿಕ್ಕಿದಳು. ಅವ್ವ ಮಾತ್ರ ಸಿಟ್ಟಾದಳು. "ಎಮ್ಮಿ ಕಟ್ಟಿದ ಮನ್ಯಾಗ ಹುಟ್ಟಿ ಏನಿದು ಹುಚ್ಚು? ಮೊಸರಿಲ್ಲದ್ದು ಊಟೇನೋ?"

ನಾನು ಕೇಳಬಾರದಿತ್ತೇನೋ, ಕೇಳಿದೆ: "ಅವ್ವಾ, ಕಂಪ್ಲ್ಯಾಗ ನಮ್ಮ ಎಮ್ಮಿಗಳು ಕೋಣಗರು ಹಾಕ್ತಿದ್ವಲ್ಲ, ಅವು ಏನಾಗ್ತಿದ್ವು?"

ಅವ್ವ ಮುಖ ತಿರುಗಿಸಿಕೊಂಡು ಹೇಳಿದಳು: "ನಿಮ್ಮಪ್ಪ ಹೊಳಿ ಕಡೆ ಹೊಡ್ಕೊಂಡು ಹೋಗ್ತಿದ್ದ. ಬರುವಾಗ ಒಬ್ಬನ ಬರ್ತಿದ್ದ. ನಾ ಕೇಳ್ತಿದ್ದಿಲ್ಲ."

ನಾನೂ ಕೇಳಿರಲಿಲ್ಲ. ಹೊಳೆಯ ಕಡೆಗೆ ಹೋಗುವ ಕಾಲುದಾರಿಯಲ್ಲಿ ಅಪ್ಪನ ಬೆನ್ನು ಸಣ್ಣದಾಗುತ್ತ ಹೋದದ್ದನ್ನು ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದೆ.

ಸಂಜೆಯ ಹಾಲು ಹೋದ ಮೇಲೆ ಬೆಳಗಿನ ಹಾಲೂ ನಿಧಾನಕ್ಕೆ ಕರಗಿತು. ಕರು ಬೆಳೆದಂತೆ ಅದಕ್ಕೆ ಸಾಲದಾಯಿತು, ನಾವು ಮೊದಲು ಅರ್ಧ ಬಿಟ್ಟೆವು, ಆಮೇಲೆ ಪೂರ್ತಿ. ನನ್ನ ತಂಗಿ ಇರುವುದು ಬುಕ್ಕಸಾಗರದಲ್ಲಿ. ಹಂಪಿಯ ಗೆಸ್ಟ್ ಹೌಸೊಂದರಲ್ಲಿ ಅಡುಗೆ ಮಾಡುತ್ತಾಳೆ. ಒಂದು ಭಾನುವಾರ ಬಂದವಳು ನಮ್ಮ ಪಾಡು ನೋಡಿ, "ಅಯ್ಯ ಅತ್ತಿಗಿ, ಫಾರಿನ್ನವ್ರಿಗೆ ದಿನಾ ಶೇಂಗಾ ಮೊಸರು ಮಾಡ್ತೀನಿ. ಹಾಲು, ತುಪ್ಪ ಮುಟ್ಟದವ್ರಿಗೆ ವೀಗನ್ ಅಂತಾರ. ಶೇಂಗಾ ನೆನೆಹಾಕಿ ರುಬ್ಬಿ ಸೋಸು, ಕಾಯಿಸಿ ಆರಿಸು, ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡು," ಎಂದು ತೋರಿಸಿಕೊಟ್ಟಳು. ಮೊದಲ ಸಲ ಕೊಳೆತು ಚೆಲ್ಲಬೇಕಾಯಿತು. ಮೂರನೆಯ ಸಲ ಗಟ್ಟಿಯಾಗಿ ಹೆಪ್ಪಾಯಿತು. ಮೊಸರಿನ ರುಚಿ ಅಲ್ಲ, ಆದರೆ ಅನ್ನಕ್ಕೆ ನಡೆಯುತ್ತದೆ. ಉಳಿದದ್ದಕ್ಕೆ ಕಷ್ಟವೇ ಆಗಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಪುಡಿ, ಬೇಳೆ — ನಮ್ಮ ಊಟದಲ್ಲಿ ಹಾಲು ಇದ್ದದ್ದೇ ಅಂಚಿನಲ್ಲಿ. ಹೋಳಿಗೆಗೆ ತುಪ್ಪದ ಬದಲು ಕಾಯಿಹಾಲು ಬಂತು. ಅವ್ವನಿಗೆ ಮಾತ್ರ ಅಂಗಡಿಯಿಂದ ಮೊಸರಿನ ಪಾಕೀಟು ತರುತ್ತೇವೆ. ನಾನೂ ಯಾರದಾದರೂ ಮನೆಗೆ ಹೋದಾಗ ಹಾಲಿನ ಚಹಾ ಕೈಗೆ ಕೊಟ್ಟರೆ ಬೇಡ ಎನ್ನಲಾಗದೆ ಕುಡಿದಿದ್ದೇನೆ.

ಇಲ್ಲಿಗೆ ನಿಂತಿದ್ದರೆ ಇದೊಂದು ಸಮಾಧಾನದ ಕಥೆ. ಆದರೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ತಿರುವಿನಲ್ಲಿ ಕರು ಬಿಡುತ್ತಿದ್ದಾರೆ, ಯಾವತ್ತಾದರೂ ಬಸ್ಸಿಗೆ ಅಪಘಾತವಾಗುತ್ತದೆ ಎಂದು ಕಂಪನಿಯ ಸೆಕ್ಯುರಿಟಿ ಸಾಹೇಬರಿಗೆ ಹೇಳಿದೆ. ಅವರು ಅಲ್ಲೊಂದು ದೀಪ ಹಾಕಿಸಿ, ಕಾವಲಿನವನನ್ನು ಕೂರಿಸಿದರು. ಕರು ಬಿಡುವುದು ನಿಂತಿತು. ನನಗೆ ಹೆಮ್ಮೆಯಾಗಿತ್ತು.

ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಬುತ್ತಿ ನಿಲ್ಲಿಸಿದ್ರ ಉಣ್ಣಾಂವ ಸುಮ್ನ ಕುಂದ್ರತಾನೇನು?"

ಮಳೆಗಾಲದಲ್ಲಿ ನಮ್ಮ ಓಣಿಯ ನಾಯಿಗಳು ಕಮ್ಮಿಯಾದವು. ಮೊದಲು ಯಾರೂ ಗಮನಿಸಲಿಲ್ಲ. ಏಳಿದ್ದವು ನಾಲ್ಕಾದವು, ಆಮೇಲೆ ಎರಡು. ಉಳಿದೆರಡು ಸಂಜೆಯಾದರೆ ಬೊಗಳುತ್ತಿರಲಿಲ್ಲ, ಯಾರದಾದರೂ ಮನೆಯೊಳಗೆ ನುಗ್ಗಿ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದವು. ನೀರಿನ ಟ್ಯಾಂಕಿನ ಹಿಂದೆ ಹಸಿ ಮಣ್ಣಿನಲ್ಲಿ ಹೆಜ್ಜೆ ಕಂಡವು, ಉಗುರಿನ ಗುರುತಿಲ್ಲದ ದುಂಡು ಹೆಜ್ಜೆ. ನನ್ನ ಅಂಗೈಯನ್ನು ಪಕ್ಕದಲ್ಲಿಟ್ಟು ನೋಡಿದೆ. ಹೆಚ್ಚು ಕಡಿಮೆ ಅಷ್ಟೇ ಇತ್ತು. ಸಂಜೆ ಐದು ಗಂಟೆಗೆಲ್ಲ ಮಕ್ಕಳನ್ನು ಒಳಗೆ ಕರೆದು ಚಿಲಕ ಹಾಕತೊಡಗಿದರು.

ಬಸ್ಸಿನಲ್ಲಿ ನನ್ನ ಜೊತೆ ಮಾತು ಕಮ್ಮಿಯಾಯಿತು. ಒಬ್ಬ ಮಾತ್ರ ಇಳಿಯುವಾಗ ನನಗೆ ಕೇಳುವಂತೆ ಅಂದ: "ಗುಡ್ಡದಾಗ ಇದ್ದದ್ದನ್ನ ಊರಿಗೆ ಕರ್ಕೊಂಡು ಬಂದ್ರು ದೊಡ್ಡ ಮನುಷ್ಯಾರು." ನಾನು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದೆ. ಅವನ ಮಾತು ಸುಳ್ಳಾಗಿರಲಿಲ್ಲ.

ದಸರೆಯ ನಂತರದ ಒಂದು ಸಂಜೆ. ಇನ್ನೂ ಬೆಳಕಿತ್ತು. ಚಿಗವ್ವನ ಚಿಕ್ಕ ಆಕಳು ಬೇಸಿಗೆಯಲ್ಲಿ ಹೆಣ್ಣುಗರು ಹಾಕಿತ್ತು. ಅದರ ಮೇಲೆ ಅವಳಿಗೆ ಜೀವ. ಕೊಟ್ಟಿಗೆಯ ಒಳಗಿನ ಮೂಲೆಯಲ್ಲಿ, ಗೋಣಿಚೀಲ ಹಾಸಿ ಕಟ್ಟುತ್ತಿದ್ದಳು. ನಾನು ತಂದ ಗಂಡಿಗೆ ಒಳಗೆ ಜಾಗವಿಲ್ಲವೆಂದು ಅಂಗಳದ ಬೇವಿನ ಮರಕ್ಕೆ ಕಟ್ಟಿದ್ದಳು, ಬೀದಿದೀಪದ ಕೆಳಗೆ. ಚಿರತೆ ಹಿಂದಿನಿಂದ, ತಗಡು ಎದ್ದಿದ್ದ ಕಡೆ ನುಗ್ಗಿತು. ಚಿಗವ್ವ ಹಾಲು ಕರೆಯಲು ತಂಬಿಗೆ ಹಿಡಿದು ಬಾಗಿಲಿಗೆ ಬಂದಾಗ ಅದು ಹೆಣ್ಣುಗರುವಿನ ಕುತ್ತಿಗೆ ಹಿಡಿದಿತ್ತು. ಓಡಲಿಲ್ಲವಂತೆ. ಹಿಡಿದ ಬಾಯಿ ಬಿಡದೆ ಇವಳನ್ನು ನೋಡಿತಂತೆ.

ಕೂಗು ಕೇಳಿ ನಾವೆಲ್ಲ ದೊಣ್ಣೆ, ತಾಟು ಹಿಡಿದು ಓಡಿದೆವು. ಅಷ್ಟರಲ್ಲಿ ಕೊಟ್ಟಿಗೆಯ ಆ ಮೂಲೆಯಲ್ಲಿ ಹಗ್ಗದ ತುಂಡು ಮಾತ್ರ ಇತ್ತು. ಅಂಗಳದಲ್ಲಿ ಗಂಡುಗರು ಕಣ್ಣು ಬಿಟ್ಟುಕೊಂಡು ನಡುಗುತ್ತ ನಿಂತಿತ್ತು.

ಚಿಗವ್ವ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ನೀ ತಂದದ್ದು ಉಳೀತು ನೋಡು ಯಪ್ಪಾ. ನಾ ಬೇಕಂದದ್ದು ಹೋತು." ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅರಣ್ಯದವರು ಬಂದು ಟ್ಯಾಂಕಿನ ಹಿಂದೆ ಬೋನಿಟ್ಟರು. ಒಳಗೆ ಮೇಕೆ ಕಟ್ಟಿದರು. ಹತ್ತು ದಿನ ಮೇಕೆ ಅರಚಿತು, ಚಿರತೆ ಬರಲಿಲ್ಲ. ಬೋನಿನ ಸುತ್ತ ಹೆಜ್ಜೆ ಮಾತ್ರ ಇದ್ದವು. ಆಮೇಲೆ ಬೋನನ್ನು ಬೇರೆ ಊರಿಗೆ ಒಯ್ದರು. ಚಿಗವ್ವ ಎರಡೂ ಆಕಳನ್ನು ಕಂಪ್ಲಿ ಕಡೆಯವರಿಗೆ ಮಾರಿದಳು. ಗಂಡುಗರುವನ್ನು ಕೇಳುವವರೇ ಇಲ್ಲ. ನಾನೇ ಟೆಂಪೋ ಮಾಡಿಸಿ ಬುಕ್ಕಸಾಗರಕ್ಕೆ, ತಂಗಿಯ ಮನೆಗೆ ಬಿಟ್ಟುಬಂದೆ. ತಂಗಿಯ ಗಂಡ ಅದರ ಹೆಗಲ ಮೇಲೆ ಕೈಯಾಡಿಸಿ ನೋಡಿದರು; ಡುಬ್ಬವಿಲ್ಲದ ಹೆಗಲು, ದೊಡ್ಡದಾದರೂ ನೊಗ ನಿಲ್ಲುವಂತಿರಲಿಲ್ಲ. "ಸಗಣಿರ ಹಾಕ್ತದಲ್ಲ, ಗದ್ದಿಗೆ ಆಗ್ತದ, ಇರ್ಲಿ ಬಿಡ್ರಿ," ಎಂದರು. ಎಷ್ಟು ದಿನ ಇರಲಿ ಎನ್ನುತ್ತಾರೋ ನಾನು ಕೇಳಲಿಲ್ಲ.

ಹೋದ ವಾರ ಅವ್ವನಿಗೆ ಮೊಸರು ತರಲು ಅಂಗಡಿಗೆ ಹೋಗಿದ್ದೆ. ಹೊತ್ತು ಮುಳುಗುತ್ತಿತ್ತು. ಚಿಗವ್ವ ಅಲ್ಲಿದ್ದಳು, ಕೈಯಲ್ಲಿ ಹಾಲಿನ ಪಾಕೀಟು. ನನ್ನನ್ನು ಕಂಡು ಸೆರಗಿನೊಳಗೆ ಮುಚ್ಚಿಕೊಂಡಳು, ಆಮೇಲೆ ತಾನೇ ಹೊರತೆಗೆದಳು.

"ಚಾಕ್ಕ," ಎಂದಳು. "ನಿನ್ನಂಗ ಕರೀ ಚಾ ಕುಡಿಯಾಕ ಆಗವಲ್ದು ನಂಗ. ಮನಿತನಾ ಬರ್ತೀಯೇನು? ಒಬ್ಬಾಕಿ ಹೋಗಾಕ ಧೈರ್ಯ ಸಾಲದು."

ಜೊತೆಗೆ ನಡೆದೆ. ಎರಡೂ ಬದಿಯ ಬಾಗಿಲುಗಳು ಮುಚ್ಚಿದ್ದವು. ಖಾಲಿ ಕೊಟ್ಟಿಗೆಯ ಮುಂದೆ ಬಂದಾಗ ಅವಳು ಹೆಜ್ಜೆ ಜೋರು ಮಾಡಿದಳು. ಬಾಗಿಲು ತೆರೆದು ಒಳಗೆ ಹೋಗಿ, "ಹುಷಾರ್ಲೆ ಹೋಗು ಯಪ್ಪಾ," ಎಂದು ಚಿಲಕ ಹಾಕಿಕೊಂಡಳು.

ನಮ್ಮ ಮನೆಗೆ ಅಲ್ಲಿಂದ ಇನ್ನೂರು ಹೆಜ್ಜೆ. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಓಡಿದರೆ ಬೆನ್ನಟ್ಟುತ್ತದೆ ಎಂದು ಮೇಸ್ತ್ರಿ ಹೇಳಿದ್ದು ನೆನಪಿತ್ತು. ಮೊಸರಿನ ಪಾಕೀಟನ್ನು ಎದೆಗವಚಿಕೊಂಡು, ಓಡದೆ, ಹಿಂತಿರುಗಿ ನೋಡದೆ ನಡೆಯತೊಡಗಿದೆ.