ಖಾಲಿ ಬಂದ ವಾಗ್ದಾನ

ನನ್ನ ಗಂಡ ಸಿಟಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವರು. ಪಂಪ್‌ವೆಲ್ ಜಂಕ್ಷನ್ನಿನಲ್ಲಿ ಅವರು ಬಾಗಿಲಿಗೆ ಜೋತುಬಿದ್ದು "ತೊಕ್ಕೊಟ್ಟು, ತೊಕ್ಕೊಟ್ಟು, ರೈಟ್ ಪೋಯಿ!" ಎಂದು ಕೂಗಿದರೆ ರಸ್ತೆಯ ಆಚೆ ಬದಿಯಲ್ಲಿ ಚಹಾ ಕುಡಿಯುತ್ತಿದ್ದವರೂ ಗ್ಲಾಸು ಬಿಟ್ಟು ಓಡಿ ಬರುತ್ತಿದ್ದರು. ಆ ಸ್ವರವನ್ನು ಮನೆಯಲ್ಲಿ ಕಡಿಮೆ ಮಾಡಲು ಅವರಿಗೆ ಬರುತ್ತಿರಲಿಲ್ಲ. ಊಟಕ್ಕೆ ಮೊದಲು ಅವರೇ ಪ್ರಾರ್ಥನೆ ಮಾಡುವುದು. ಜೆಪ್ಪಿನ ನಮ್ಮ ಓಣಿಗೆಲ್ಲ ಅದು ಕೇಳುತ್ತಿತ್ತು. "ನಿಮ್ಮವರು ದೇವರನ್ನು ಕರೆದ ಮೇಲೆಯೇ ನಾನು ಅನ್ನ ಬಡಿಸೋದು, ಗಡಿಯಾರ ಎಂತಕ್ಕೆ?" ಎಂದು ಪಕ್ಕದ ಮನೆಯ ಅಕ್ಕ ಹೇಳುತ್ತಿದ್ದರು. ಮೀನು ಮಾರುವ ಹೆಂಗಸು, ಮಾತು ಸ್ವಲ್ಪ ಚುರುಕು.

ಒಂದು ಡಿಸೆಂಬರಿನಲ್ಲಿ ಆ ಸ್ವರ ಒಡೆಯಿತು. ಶೀತ ಇರಬೇಕೆಂದು ಕಷಾಯ ಮಾಡಿ ಕುಡಿಸಿದೆ. ಹೋಗಲಿಲ್ಲ. ಗಂಟಲೊಳಗೆ ಗಂಟು ಬೆಳೆದಿದೆ, ಜನವರಿಯಲ್ಲಿ ಆಪರೇಷನ್ ಮಾಡಿ ತೆಗೆಯಬೇಕು ಎಂದರು ಡಾಕ್ಟರು. ಜೀವಕ್ಕೆ ತೊಂದರೆಯಿಲ್ಲವಂತೆ. ಆದರೆ ಸ್ವರ ಬರಬಹುದು, ಬಾರದೆಯೂ ಇರಬಹುದು. ಕೂಗುವ ಕೆಲಸವಂತೂ ಇನ್ನು ಸಾಧ್ಯವಿಲ್ಲ. ಇವರು ತಲೆಯಾಡಿಸಿ, "ಕೂಗಿ ಸಾಕಾಯ್ತು ಬಿಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಸ್ವರ ಇಲ್ಲದ ಮನೆಯಲ್ಲಿ ಹೇಗಿರುವುದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಚರ್ಚಿನಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಪ್ರತಿಯೊಬ್ಬರೂ ಒಂದು ವಾಗ್ದಾನದ ಚೀಟಿ ತೆಗೆಯುತ್ತಾರೆ. ಬೈಬಲಿನಲ್ಲಿ ದೇವರು ಕೊಟ್ಟ ಮಾತುಗಳಲ್ಲಿ ಒಂದು ಅದರಲ್ಲಿ ಇರುತ್ತದೆ. ಆ ವರ್ಷಕ್ಕೆ ಅದು ನಿಮ್ಮದು. ಬದಲಾಯಿಸುವಂತಿಲ್ಲ, ಇನ್ನೊಂದು ತೆಗೆಯುವಂತಿಲ್ಲ. ಚೀಟಿ ತಯಾರು ಮಾಡುವುದು ನಾವು ಸ್ತ್ರೀ ಸಮಾಜದವರು. ವಚನಗಳನ್ನು ಅಚ್ಚು ಹಾಕಿಸಿದ ಹಾಳೆಗಳನ್ನು ಕತ್ತರಿಸಿ, ಸುರುಳಿ ಸುತ್ತಿ, ಕೆಂಪು ದಾರ ಕಟ್ಟಿ ತಟ್ಟೆಯಲ್ಲಿ ತುಂಬಿಸುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಹಾಳೆ. ಆ ಸಲ ಗುಲಾಬಿ ಬಣ್ಣದ್ದು ನನ್ನ ಪಾಲಿಗೆ ಬಂತು.

ದೇವರಿಗೂ ಸ್ವಲ್ಪ ನೆನಪು ಮಾಡಿಕೊಡದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಹಾಳೆಯಲ್ಲಿ ರೋಗ ಗುಣಪಡಿಸುವ ಬಗ್ಗೆ ಒಂದು ವಚನ ಕಾಣಿಸಿತು. ಇದು ಇವರದ್ದೇ ಎಂದು ನಿಶ್ಚಯಿಸಿದೆ. ಅದನ್ನು ಸುತ್ತಿ, ಯಾರೂ ನೋಡದ ಹಾಗೆ, ಪರ್ಸಿನಲ್ಲಿ ತಂದಿದ್ದ ಹಳದಿ ದಾರ ಕಟ್ಟಿದೆ. ಯಾರಾದರೂ ಕಂಡರೋ ಎಂದು ಮತ್ತೆ ಮತ್ತೆ ಅತ್ತಿತ್ತ ನೋಡುತ್ತಿದ್ದೆ. ಆ ಗಡಿಬಿಡಿಯಲ್ಲಿ ಉಳಿದವುಗಳನ್ನು ಹೇಗೆ ಕತ್ತರಿಸಿದೆನೋ, ಹೇಗೆ ಸುತ್ತಿದೆನೋ ನೆನಪಿಲ್ಲ.

ಹೊಸ ವರ್ಷದ ದಿನ ನಮ್ಮ ಸಾಲಿಗೆ ತಟ್ಟೆ ಹಿಡಿದುಕೊಂಡು ಹೋದದ್ದೂ ನಾನೇ. ಹಳದಿ ದಾರದ ಚೀಟಿಯನ್ನು ಇವರ ಮೂಗಿನ ಕೆಳಗೇ ಬರುವಂತೆ ತಿರುಗಿಸಿ ಹಿಡಿದೆ. ಇವರು ಕಣ್ಣು ಮುಚ್ಚಿದರು. ಮದುವೆಯಾದ ವರ್ಷದಿಂದ ನೋಡುತ್ತಿದ್ದೇನೆ, ಇವರು ಚೀಟಿ ತೆಗೆಯುವುದು ಕಣ್ಣು ಮುಚ್ಚಿಯೇ. ಅಷ್ಟೂ ನೆನಪಾಗದ ಜಾಣೆ ನಾನು. ತಟ್ಟೆಯ ಆಚೆ ತುದಿಗೆ ಕೈ ಹಾಕಿ ಯಾವುದೋ ಒಂದನ್ನು ಎತ್ತಿಕೊಂಡರು. ಹಳದಿ ದಾರದ್ದು ಅವರ ಪಕ್ಕದಲ್ಲಿದ್ದ ಅಜ್ಜಿಗೆ ಹೋಯಿತು. ತೊಂಬತ್ತು ದಾಟಿದರೂ ನೆಗಡಿ ಕೂಡ ಬಾರದ ಅಜ್ಜಿ.

ಮನೆಗೆ ಬಂದು ಇವರು ಚೀಟಿ ಬಿಚ್ಚಿದರು. ಈ ಬದಿ ನೋಡಿದರು, ಆ ಬದಿ ನೋಡಿದರು. ಗುಲಾಬಿ ಕಾಗದ, ಒಂದಕ್ಷರವೂ ಇಲ್ಲ. ಹಾಳೆಯ ಕೆಳಗಿನ ಖಾಲಿ ಅಂಚನ್ನೇ ನಾನು ಕತ್ತರಿಸಿ ಸುತ್ತಿಬಿಟ್ಟಿದ್ದೆ. ಆಪರೇಷನ್ನಿಗೆ ಹತ್ತು ದಿನ ಇರುವಾಗ ನನ್ನ ಗಂಡನಿಗೆ ದೇವರ ಒಂದು ಮಾತೂ ಇಲ್ಲದ ಹಾಗೆ ಮಾಡಿದ್ದೆ. ಅಲ್ಲೇ ಹಳದಿ ದಾರದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ.

"ಸಭಾಪಾಲಕರ ಹತ್ರ ಹೇಳಿ ಬೇರೆ ತರ್ತೇನೆ. ಇದು ನನ್ನ ತಪ್ಪು, ದೇವರದ್ದಲ್ಲ" ಎಂದೆ.

"ಬೇಡ. ನನಗೆ ಬಂದದ್ದು ಇದು" ಎಂದರು, ಒಡೆದ ಸ್ವರದಲ್ಲಿ.

"ಅದರಲ್ಲಿ ಎಂತ ಉಂಟು? ಎಂತದೂ ಇಲ್ಲ!"

"ಒಟ್ಟಿಗೆ ಇದ್ದೇನೆ ಅಂತ ಅವನು ಪ್ರತಿ ವರ್ಷ ಬರೆದೇ ಕೊಡ್ಬೇಕಾ? ಮದುವೆ ಆಗಿ ಇಷ್ಟು ವರ್ಷ ಆಯ್ತು, ನೀನು ನನಗೆ ಎಂತ ಬರೆದು ಕೊಟ್ಟಿದ್ದಿ ಮಾರಾಯ್ತಿ?"

ಖಾಲಿ ಚೀಟಿಯನ್ನು ಕಪಾಟಿನ ಬಾಗಿಲಿನ ಒಳಬದಿಗೆ, ಹಳೆಯ ವರ್ಷಗಳ ಚೀಟಿಗಳ ಸಾಲಿನಲ್ಲೇ ಅಂಟಿಸಿದರು. ಅದನ್ನು ನೋಡಬಾರದೆಂದು ನಾನು ಎಷ್ಟೋ ದಿನ ಸೀರೆಯನ್ನು ಮುಖ ತಿರುಗಿಸಿಯೇ ತೆಗೆದೆ.

ಆಪರೇಷನ್ ಚೆನ್ನಾಗಿ ಆಯಿತು. ಒಂದು ವಾರ ತುಟಿ ಬಿಚ್ಚಬಾರದು, ಆಮೇಲೆ ಸ್ವಲ್ಪ ಸ್ವಲ್ಪ ಮಾತಾಡಿ ನೋಡಿ ಎಂದರು ಡಾಕ್ಟರು. ವಾರ ಕಳೆಯಿತು, ತಿಂಗಳು ಕಳೆಯಿತು. ಬಾಯಿ ತೆರೆದರೆ ಬರೀ ಗಾಳಿ. ಬೇಕಾದದ್ದನ್ನೆಲ್ಲ ಕೈಸನ್ನೆಯಲ್ಲೇ ಹೇಳುತ್ತಿದ್ದರು. ಕಂಡಕ್ಟರನ ಅಭ್ಯಾಸ, ಊಟ ಸಾಕಾದರೆ ಬಸ್ಸು ನಿಲ್ಲಿಸುವ ಹಾಗೆ ಕೈ ತೋರಿಸುತ್ತಿದ್ದರು. ನಾನು ನಗುತ್ತಿದ್ದೆ, ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಊಟದ ಪ್ರಾರ್ಥನೆ ನನ್ನ ಪಾಲಿಗೆ ಬಂತು. ಮನಸ್ಸಿನಲ್ಲಿ ದೇವರೊಡನೆ ದಿನವಿಡೀ ಜಗಳವಾಡುವವಳು, ಬಾಯಿ ಬಿಟ್ಟು ಪ್ರಾರ್ಥಿಸಿದ್ದೇ ಇರಲಿಲ್ಲ. ಮೊದಲ ದಿನ ತೊದಲಿದೆ. ಆಮೇಲೆ ರೂಢಿಯಾಗಿ, ನನ್ನ ಹಳೆಯ ಬುದ್ಧಿಯೂ ಜತೆಗೆ ಬಂತು. ಸ್ವರ ಕೊಡು ಎಂದಷ್ಟೇ ಕೇಳಿ ಬಿಡುತ್ತಿರಲಿಲ್ಲ. ಈ ವಾರದೊಳಗೆ ಕೊಡು, ಡಾಕ್ಟರಿಗೆ ತೋರಿಸುವ ಮೊದಲು ಕೊಡು ಎಂದು ವಿವರವಾಗಿ ಹೇಳುತ್ತಿದ್ದೆ. ಕಣ್ಣು ತೆರೆದರೆ ಇವರು ನಗು ತಡೆದುಕೊಂಡು ಕೂತಿರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಫೆಬ್ರವರಿಯ ಕೊನೆಯ ಒಂದು ಸಂಜೆ. ಎರಡು ದಿನದಿಂದ ಬಾರದ ನಳ್ಳಿ ನೀರು ಅಂದು ಬಂದಿತ್ತು. ಪಕ್ಕದ ಮನೆಯ ಅಕ್ಕ ಒಳ್ಳೆಯ ಬಂಗುಡೆ ಮೀನು ಕೊಟ್ಟಿದ್ದರು. ಬಸ್ಸಿನ ಧಣಿ ಮನೆಗೇ ಬಂದು, ಇನ್ನು ಇವರು ಸ್ಟ್ಯಾಂಡಿನಲ್ಲಿ ಕೂತು ಬಸ್ಸುಗಳ ಟೈಮ್ ಬರೆಯುವ ಕೆಲಸ ಮಾಡಲಿ ಎಂದು ಹೇಳಿ ಹೋಗಿದ್ದರು. ನನಗೆ ಖುಷಿಯೋ ಖುಷಿ. ನೀರಿಗೆ, ಬಂಗುಡೆಗೆ, ಅಕ್ಕನಿಗೆ, ಧಣಿಗೆ, ಎದುರಿಗೆ ಕೂತಿದ್ದ ಈ ಮನುಷ್ಯನಿಗೆ, ಎಲ್ಲದಕ್ಕೂ ಸ್ತೋತ್ರ ಹೇಳಿ ಆಮೆನ್ ಅಂದು ಅನ್ನಕ್ಕೆ ಸೌಟು ಹಾಕಿದೆ.

ಇವರು ಬಟ್ಟಲಿಗೆ ಅಡ್ಡ ಕೈ ಹಿಡಿದರು. ಅನ್ನ ಸಾಕೆಂದುಕೊಂಡೆ.

"ಇವತ್ತು ನನ್ನ ಸ್ವರಕ್ಕೆ ಪ್ರಾರ್ಥನೆ ಮಾಡ್ಲಿಕ್ಕೆ ಮರ್ತೇ ಬಿಟ್ಟಿಯಲ್ಲ, ಮಾರಾಯ್ತಿ."

ಕಾಯಿ ತುರಿದ ಹಾಗೆ ಒರಟು ಸ್ವರ, ಅರ್ಧ ಗಾಳಿ. ಆದರೂ ಇವರದ್ದೇ. ಹೇಳಿದ್ದು ತಮ್ಮ ಕಿವಿಗೇ ಬಿದ್ದು ಅವರೂ ಬೆಚ್ಚಿದರು, ಗಂಟಲು ಮುಟ್ಟಿ ನೋಡಿಕೊಂಡರು. ನಾನು ಸೌಟು ಕೆಳಗಿಟ್ಟು, ದೇವರಿಗೆ ಏನಾದರೂ ಹೇಳಬೇಕೆಂದು ಮತ್ತೆ ಕೈ ಜೋಡಿಸಿ ಕಣ್ಣು ಮುಚ್ಚಿದೆ. ಬಾಯಿಂದ ಒಂದು ಮಾತೂ ಹೊರಡಲಿಲ್ಲ.